ಕಾರು ಏಳುವುದನ್ನು ನೋಡಿದ ಮೇಸ್ತ್ರಿ

ಆಗ ನನಗೆ ಇಪ್ಪತ್ತಮೂರು. ಅರವತ್ತು ವರ್ಷದ ಮೇಲಾಯಿತು. ಬಳ್ಳಾರಿ ರಸ್ತೆಯಲ್ಲಿ ಒಂದು ಮೋಟಾರು ಹೋಗಿ ಇನ್ನೊಂದು ಬರುವುದರೊಳಗೆ ಬಾವಿಯಿಂದ ಎರಡು ಕೊಡ ನೀರು ಸೇದಬಹುದಾಗಿದ್ದ ಕಾಲ.

ಮೊನ್ನೆ ಮೊಮ್ಮಗಳು ಕಾರು ಮಾರಿದಳು. ಯಾಕೆ ಅಂದೆ.

"ಹಳೇದಾಯ್ತಜ್ಜಿ."

"ಯಾರು ಹೇಳಿದ್ದು?"

"ಯಾರ್ ಹೇಳ್ಬೇಕು? ಎಂಟ್ ವರ್ಷ ಆಯ್ತಲ್ಲ."

"ಬೆಳಿಗ್ಗೆ ಸರಿಯಾಗಿ ಏಳ್ತಿತ್ತಾ?"

"ಕಾರು ಏಳೋದಾ?" ಎಂದು ನಕ್ಕಳು.

ನಗಲಿ. ಅವಳಿಗೆ ಹೇಳಿಕೊಟ್ಟವರಿಲ್ಲ. ಕಾರು ಯಾವಾಗ ಹಳೆಯದು ಎಂದು ಹೇಳುವುದಕ್ಕೆ ಒಬ್ಬರಿದ್ದರು. ಅವರಿಂದ ನನ್ನ ಹತ್ತು ಗುಂಟೆ ಉಳಿಯಿತು. ಆ ಹತ್ತು ಗುಂಟೆಯಿಂದ ನನ್ನ ಮೂರು ಮಕ್ಕಳು ಉಂಡು ಬೆಳೆದರು. ಆ ಒಬ್ಬರ ವಿಷಯ ಇಷ್ಟು ದಿನ ಯಾರೂ ಬರೆಯಲಿಲ್ಲ, ಇನ್ನು ಬರೆಯುವವರೂ ಇಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ನಿಜ ಹೇಳಬೇಕೆಂದರೆ ಹೆಸರು ನಾನು ಕೇಳಿದವಳೇ ಅಲ್ಲ. ಎಲ್ಲರೂ ಮೇಸ್ತ್ರಿ ಅನ್ನುತ್ತಿದ್ದರು, ನಾನೂ ಮೇಸ್ತ್ರಿ ಅಂದೆ. ಹೆಬ್ಬಾಳದ ಕೆರೆ ದಾಟಿದ ಮೇಲೆ ರಸ್ತೆ ಪಕ್ಕ ಒಂದು ದೊಡ್ಡ ಹೊಂಗೆ ಮರ, ಮರದ ಪಕ್ಕ ತಗಡಿನ ಶೆಡ್ಡು. ಅದೇ ಅವರ ಗ್ಯಾರೇಜು. ಬೆಂಗಳೂರಿನ ದಂಡಿನ, ಅಂದರೆ ಕಂಟೋನ್ಮೆಂಟಿನ ಕಡೆಯವರು. ಯುದ್ಧದ ಕಾಲದಲ್ಲಿ ಮಿಲಿಟರಿ ಲಾರಿಗಳ ಕೆಳಗೆ ಮಲಗಿ ಕೆಲಸ ಕಲಿತವರು. ಕನ್ನಡ ಚೆನ್ನಾಗಿ ಬರುತ್ತಿತ್ತು, ಎಣಿಸುವುದು ಮಾತ್ರ ತಮಿಳಿನಲ್ಲಿ. ಬಿಚ್ಚಿದ ನಟ್ಟುಗಳನ್ನು ಗೋಣಿತಾಟಿನ ಮೇಲೆ ಸಾಲಾಗಿ ಇಟ್ಟು ಒಣ್ಣು, ರೆಂಡು ಎಂದು ಎಣಿಸುವರು. ಜೋಡಿಸುವಾಗ ಮತ್ತೆ ಎಣಿಸುವರು. ಒಂದು ಹೆಚ್ಚಿಗೆ ಉಳಿದರೆ, ಗಿರಾಕಿ ಎಷ್ಟೇ ಗೊಣಗಲಿ, ಎಲ್ಲವನ್ನೂ ಪುನಃ ಬಿಚ್ಚುವರು.

ದೇವರಂಥವರು ಎಂದೇನೂ ಬರೆಯುವುದಿಲ್ಲ. ನಾಳೆ ಕೊಡುತ್ತೇನೆ ಅಂದ ಕಾರನ್ನು ನಾಲ್ಕು ದಿನಕ್ಕೂ ಕೊಡುತ್ತಿರಲಿಲ್ಲ. ಹೊಗೆಸೊಪ್ಪು ಜಗಿದು ನಾನು ನಡೆಯುವ ದಾರಿಯಲ್ಲೇ ಉಗಿಯುವರು. ಒಂದು ದಿನ ನನಗೆ ರೇಗಿತು.

"ಮೇಸ್ತ್ರಿ, ನಿಮ್ ಬಾಯಿಗೂ ಒಂದ್ ನಟ್ ಹಾಕ್ಕೊಳಿ."

"ಆ ಸೈಜ್ ಸಿಗ್ತಾ ಇಲ್ಲಮ್ಮಾ" ಅಂದರು.

ದಿನಾ ಮಧ್ಯಾಹ್ನ ನಾನು ಶೆಡ್ಡಿಗೆ ಒಂದು ಚೊಂಬು ಮಜ್ಜಿಗೆ ಕೊಡುತ್ತಿದ್ದೆ. ಗ್ರೀಸು ತೊಳೆಯುವುದಕ್ಕೆ ಸೀಗೆಪುಡಿ ಜರಡಿ ಹಿಡಿದು ಉಳಿದ ತರಿಯನ್ನೂ ಕೊಡುತ್ತಿದ್ದೆ. ಬದಲಿಗೆ ನಮ್ಮ ಬಾವಿಯ ರಾಟೆ ಕಿರುಗುಟ್ಟಿದರೆ ಬಂದು ಎಣ್ಣೆ ಬಿಟ್ಟು ಹೋಗುವರು. ಒಳಗೆ ಬನ್ನಿ ಅಂದರೆ ಬರುತ್ತಿರಲಿಲ್ಲ, ಮೈಯೆಲ್ಲಾ ಎಣ್ಣೆ ಎಂದು.

ಸುತ್ತಮುತ್ತ ಕಾರಿದ್ದವರು ನಾಲ್ಕೈದು ಜನ. ಕೊಳ್ಳುವುದಿರಲಿ ಮಾರುವುದಿರಲಿ, ಮೇಸ್ತ್ರಿಯನ್ನು ಕೇಳಿಯೇ ಮಾಡುವರು. ಕಾರು ಹಳೆಯದಾಯಿತೋ ಇಲ್ಲವೋ ಎನ್ನುವುದಕ್ಕೆ ಒಬ್ಬೊಬ್ಬರದು ಒಂದೊಂದು ಮಾತು. ಬಣ್ಣ ಹೋದರೆ ಹಳೆಯದು ಅನ್ನುವರು ಒಬ್ಬರು. ಪೇಟೆಯಲ್ಲಿ ಹೊಸ ಮೂತಿಯದು ಬಂದರೆ ಕೈಯಲ್ಲಿರುವುದು ಹಳೆಯದು ಅನ್ನುವರು ಇನ್ನೊಬ್ಬರು. ಯಲಹಂಕದ ಒಬ್ಬ ಹೆಂಗಸು, ಬೀಗರು ಹೊಸ ಕಾರು ತಂದ ದಿನದಿಂದ ನಮ್ಮದು ಹಳೆಯದಾಯಿತು ಅಂದಳಂತೆ. ಮೇಸ್ತ್ರಿ ಇದನ್ನೆಲ್ಲ ಕೇಳಿ ತಲೆ ಆಡಿಸುವರು. ಆಮೇಲೆ ಒಂದು ಕೋಲಿನ ತುದಿಯನ್ನು ಇಂಜಿನ್ನಿಗೆ ಇಟ್ಟು ಇನ್ನೊಂದು ತುದಿಯನ್ನು ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚುವರು. ಆ ಹೊತ್ತಿನಲ್ಲಿ ಯಾರೂ ಮಾತಾಡಬಾರದು, ಕೆಮ್ಮಬಾರದು.

ಅವರದು ಇನ್ನೊಂದು ಕ್ರಮ ಇತ್ತು. ಹಳೆಯದು ಎಂದು ಹೇಳಬೇಕಾದರೆ ಕಾರಿನ ಹತ್ತಿರ ನಿಂತು ಹೇಳುತ್ತಿರಲಿಲ್ಲ. ಮಾಲೀಕರನ್ನು ಹೊಂಗೆ ಮರದ ಆ ಕಡೆಗೆ, ಕಾರು ಕಾಣದ ಕಡೆಗೆ ಕರೆದುಕೊಂಡು ಹೋಗಿ ಹೇಳುವರು. ಜನ ನಗುತ್ತಿದ್ದರು. ನಾನೂ ಕೇಳಿದೆ.

"ಯಾಕೆ ಮೇಸ್ತ್ರಿ, ಕಾರಿಗೆ ಕೇಳಿಸಿದ್ರೆ ಬೇಜಾರಾಗುತ್ತಾ?"

"ಕಾರಿಗೇನಮ್ಮಾ, ತಗಡು. ಆದ್ರೆ ಅದರ ಮೇಲೆ ಕೈ ಇಟ್ಕೊಂಡು ನಿಂತಿರೋನ್ಗೆ ನಮ್ ಮಾತು ಕಿವಿಗೆ ಹೋಗಲ್ಲ."

ನನ್ನ ಸಂಗತಿಗೆ ಬರುತ್ತೇನೆ.

ನಮ್ಮ ಯಜಮಾನರು ಕಲ್ಲು ಕ್ವಾರಿಯ ಲಾರಿಯಲ್ಲಿ ಡ್ರೈವಿಂಗ್ ಕಲಿತಿದ್ದರು. ಕಲಿತ ದಿನದಿಂದ ಎತ್ತು ಅಂದರೆ ಅವರಿಗೆ ಅಲರ್ಜಿ. ಯಶವಂತಪುರದ ರೈಲ್ವೇ ಸ್ಟೇಷನ್ ಮುಂದೆ ಸ್ವಂತ ಟ್ಯಾಕ್ಸಿ ನಿಲ್ಲಿಸಬೇಕು ಎನ್ನುವುದೊಂದೇ ಆಸೆ. ಕೊಟ್ಟಿಗೆಯಲ್ಲಿ ಕೂತು ಹಸುವಿನ ಮುಂದೆ ಗಾಳಿಯಲ್ಲೇ ಗೇರು ಬದಲಾಯಿಸುವರು.

ನಮ್ಮ ಪಕ್ಕದಲ್ಲಿ ದ್ರಾಕ್ಷಿ ತೋಟದ ಗೌಡರಿದ್ದರು. ದೊಡ್ಡ ಆಸ್ತಿ. ಆ ಆಸ್ತಿಯ ನಟ್ಟನಡುವೆ, ಕೆರೆ ಏರಿಯ ಕೆಳಗೆ, ನಮ್ಮದು ಹತ್ತು ಗುಂಟೆ. ನಾನು ಅದರಲ್ಲಿ ದಂಟು, ಮೆಂತ್ಯ, ಕೊತ್ತಂಬರಿ ಬೆಳೆಯುತ್ತಿದ್ದೆ. ಮನೆಗೆ ಒಂದು ಕಾಸು ಬಂದರೆ ಅಲ್ಲಿಂದ ಬರಬೇಕು. ಗೌಡರಿಗೆ ಅದು ಅನ್ನದಲ್ಲಿ ಸಿಕ್ಕಿದ ಕಲ್ಲಿನ ಹಾಗೆ. ಅವರ ಹತ್ತಿರ ಒಂದು ಕಪ್ಪು ಕಾರಿತ್ತು. ಅದರ ಕಂಪನಿ ಹೆಸರು ನನಗೆ ಬರುವುದಿಲ್ಲ, ಆಮೆ ಬೆನ್ನಿನ ಹಾಗಿತ್ತು. ತಂದು ಆರು ವರ್ಷ. ಪ್ರತಿ ಆಯುಧಪೂಜೆಗೆ ಅದರ ಮುಂದೆ ಒಡೆಯುತ್ತಿದ್ದ ಕುಂಬಳಕಾಯಿಯಲ್ಲಿ ಒಂದು ಮದುವೆಗೆ ಹುಳಿ ಮಾಡಬಹುದಿತ್ತು.

ಗೌಡರು ಯಜಮಾನರನ್ನು ಕರೆದು ಹೇಳಿದರಂತೆ: ಹತ್ತು ಗುಂಟೆ, ಎತ್ತಿನ ಜೋಡಿ, ಗಾಡಿ ಕೊಡು, ಕಾರು ತಗೊಂಡು ಹೋಗು.

ಯಜಮಾನರು ಮನೆಗೆ ಬಂದು ಹೇಳಿದಾಗ ನಾನು ರಾಗಿ ಬೀಸುತ್ತಿದ್ದೆ. ಬೀಸುವುದು ನಿಲ್ಲಿಸಲಿಲ್ಲ.

"ಕಾರು ಸೊಪ್ಪು ಬಿಡುತ್ತಾ?" ಅಂದೆ.

"ನಿನ್ಗೇನ್ ಗೊತ್ತಾಯ್ತದೆ? ಆರೇ ವರ್ಷದ ಕಾರು. ಇನ್ನೂ ಇಪ್ಪತ್ ವರ್ಷ ದುಡೀತದೆ."

"ಆರು ವರ್ಷದ್ದು ಅಷ್ಟು ಚೆನ್ನಾಗಿದ್ರೆ ಗೌಡರು ಯಾಕ್ ಕೊಡ್ತಾರೆ?"

"ಅವ್ರು ಹೊಸದ್ ತರ್ತಾರೆ. ದೊಡ್ಡೋರು." ಆಮೇಲೆ ಸ್ವಲ್ಪ ಮೆತ್ತಗಾದರು. "ಮೇಸ್ತ್ರೀನೇ ಕೇಳಣ. ಅವ್ರು ಹಳೇದು ಅಂದ್ರೆ ಬಿಟ್ಬಿಡ್ತೀನಿ. ಅಲ್ಲ ಅಂದ್ರೆ ನೀನು ಬಾಯ್ ಮುಚ್ಕೋಬೇಕು."

ಒಪ್ಪಿದೆ. ಒಪ್ಪದೆ ಏನು ಮಾಡಲಿ? ಗೌಡರೂ ಒಪ್ಪಿದರು, ಅದೂ ಖುಷಿಯಿಂದ. ಯಾಕೆ ಅಂದರೆ ಮೇಸ್ತ್ರಿಯ ಶೆಡ್ಡು ನಿಂತಿದ್ದುದು ಗೌಡರ ಜಾಗದಲ್ಲಿ. ಹೊಂಗೆ ಮರವೂ ಅವರದೇ.

ಮಾರನೆಯ ದಿನ ಗೌಡರ ಕಡೆಯವರು ಬಂದು ಎತ್ತು ನೋಡಿದರು. ಮಧ್ಯಾಹ್ನ. ಎರಡೂ ಗೊಂತಿನ ಮುಂದೆ ನಿಂತು ಮೇಯುತ್ತಿದ್ದವು. ಹಲ್ಲು ನೋಡಿದರು, ಬೆನ್ನು ತಟ್ಟಿದರು, ಹೋದರು.

ಅದರ ಮಾರನೆಯ ದಿನ ಮಧ್ಯಾಹ್ನ ಕಾರು ಶೆಡ್ಡಿಗೆ ಬಂತು. ತೊಳೆದು ಒರೆಸಿ ಮುಖ ಕಾಣುವ ಹಾಗೆ ಮಾಡಿದ್ದರು. ದೊಡ್ಡ ರಿಪೇರಿಗೆಲ್ಲ ಆ ಕಾರು ಪೇಟೆಗೆ ಹೋಗುತ್ತಿತ್ತು. ಮೇಸ್ತ್ರಿಯ ಹತ್ತಿರ ಬಂದಿದ್ದರೆ ಪಂಕ್ಚರಿಗೆ ಬಂದಿರಬೇಕು. ಗೌಡರು, ಗೌಡರ ಡ್ರೈವರು, ನಮ್ಮ ಯಜಮಾನರು, ಟೀ ಅಂಗಡಿಯಲ್ಲಿ ಕೂತಿದ್ದ ಇನ್ನು ಆರೇಳು ಜನ. ನಾನು ಮಜ್ಜಿಗೆ ಚೊಂಬು ಹಿಡಿದು ಹಿಂದೆ ನಿಂತಿದ್ದೆ.

ಮೇಸ್ತ್ರಿ ಯಲಹಂಕದವರೆಗೆ ಓಡಿಸಿಕೊಂಡು ಹೋಗಿ ಬಂದರು. ಹೋದದ್ದೂ ಗೊತ್ತಾಗಲಿಲ್ಲ, ಬಂದದ್ದೂ ಗೊತ್ತಾಗಲಿಲ್ಲ, ಅಷ್ಟು ಮೆತ್ತಗೆ. ಕೋಲು ಇಟ್ಟು ಕೇಳಿದರು. ಕೆಳಗೆ ತೂರಿ ನೋಡಿದರು. ಎದ್ದು ಕೈ ಒರೆಸಿಕೊಂಡರು. ಮರದ ಕಡೆ ಹೋಗಲಿಲ್ಲ. ಕಾರಿನ ಹತ್ತಿರವೇ ನಿಂತರು. ಆಗಲೇ ನನಗೆ ಗೊತ್ತಾಗಿಹೋಯಿತು.

"ಹಳೇದಲ್ಲ" ಅಂದರು.

ಯಜಮಾನರು ನನ್ನ ಕಡೆ ತಿರುಗಿ ನೋಡಿದರು. ಆ ಮುಖ ಈಗಲೂ ಕಣ್ಣ ಮುಂದೆ ಇದೆ. ಹಬ್ಬಕ್ಕೆ ಹೊಸ ಅಂಗಿ ಸಿಕ್ಕಿದ ಮಗುವಿನ ಹಾಗಿತ್ತು. ನನಗೆ ಅವರ ಮೇಲೆ ಸಿಟ್ಟೂ ಬರಲಿಲ್ಲ. ಆದರೆ ನನ್ನ ಸೊಪ್ಪಿನ ಪಾತಿ ಕಣ್ಣಿಗೆ ಕಟ್ಟಿತು. ಬಾಯಿ ತಾನಾಗಿ ತೆರೆಯಿತು.

"ಮೇಸ್ತ್ರಿ, ಇದು ಏಳೋದ್ ನೋಡಿದ್ರಾ?"

ಎಲ್ಲರೂ ತಿರುಗಿದರು.

"ಏನಮ್ಮಾ?"

"ನಮ್ಮಪ್ಪ ಎತ್ತು ಕೊಳ್ಳೋವಾಗ ನಡೆಯೋದ್ ನೋಡ್ತಿರ್ಲಿಲ್ಲ. ನಡೆಯೋವಾಗ ಎಲ್ಲಾ ಎತ್ತೂ ಚೆನ್ನಾಗೇ ನಡೀತವೆ. ದಲ್ಲಾಳಿಗಳು ಹಲ್ಲು ಉಜ್ತಾರೆ, ಕೊಂಬು ಹೆರೀತಾರೆ, ಎಣ್ಣೆ ಸವರ್ತಾರೆ. ಮಲಗಿರೋ ಎತ್ತು ಬೆಳಿಗ್ಗೆ ಏಳೋದ್ ನೋಡ್ಬೇಕು. ವಯಸ್ಸಾದ್ದು ಹಿಂಗಾಲ್ ಎತ್ತಿ, ಮುಂದೆ ಮೊಣಕಾಲ ಮೇಲೇ ನಿಂತ್ಕೊಂಡು ಯೋಚ್ನೆ ಮಾಡ್ತದೆ. ಅದನ್ ಮಾತ್ರ ಯಾರೂ ಮುಚ್ಚಿಡಕ್ಕಾಗಲ್ಲ."

ನಕ್ಕರು. ಟೀ ಅಂಗಡಿಯ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಂಗಾದ್ರೆ ಮೇಸ್ತ್ರಿ, ಕಾರ್‌ಗೆ ಒಸಿ ಹುಲ್ಲೂ ಹಾಕ್ಬುಡು" ಅಂದರು ಗೌಡರು. ಯಜಮಾನರ ಕಡೆ ತಿರುಗಿ, "ಏನಪ್ಪಾ, ನಿನ್ ಹೆಂಡ್ತೀನ ಟ್ಯಾಕ್ಸಿಗೆ ಕಟ್ತೀಯೋ, ಎತ್ತಿನ್ ಗಾಡಿಗೆ ಕಟ್ತೀಯೋ?" ಅಂದರು.

ಯಜಮಾನರು ತಲೆ ತಗ್ಗಿಸಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮೇಸ್ತ್ರಿ ನಗಲಿಲ್ಲ. ನನ್ನ ಕೈಯಿಂದ ಚೊಂಬು ಇಸಿದುಕೊಂಡು ಪೂರ್ತಿ ಕುಡಿದರು. ಬಾಯಿ ಒರೆಸಿಕೊಂಡು ಗೌಡರಿಗೆ ಹೇಳಿದರು:

"ಗೌಡ್ರೇ, ನಾನ್ ಹೇಳಿದ್ ಮಾತು ವಾಪಸ್ ತಗೊಂಡೆ. ಕಾರು ಇವತ್ತು ಇಲ್ಲೇ ಮಲಗ್ಲಿ. ನಾಳೆ ಬೆಳಿಗ್ಗೆ ಏಳೋದ್ ನೋಡಿ ಹೇಳ್ತೀನಿ."

ಗಂಡಸೊಬ್ಬ ಹತ್ತು ಜನರ ಮುಂದೆ ಆಡಿದ ಮಾತನ್ನು, ಅದೂ ಒಬ್ಬ ಹೆಂಗಸು ಹೇಳಿದಳೆಂದು, ವಾಪಸು ತೆಗೆದುಕೊಂಡಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಆಮೇಲೂ ಹೆಚ್ಚು ನೋಡಲಿಲ್ಲ. ನಮ್ಮ ಯಜಮಾನರಂತೂ ಸಾಯುವವರೆಗೂ ತೆಗೆದುಕೊಳ್ಳಲಿಲ್ಲ. ಸಾರಿಗೆ ಉಪ್ಪು ಜಾಸ್ತಿ ಎಂದು ಒಮ್ಮೆ ಅಂದರೆ, ತಾವೇ ಎರಡು ಸಲ ಬಡಿಸಿಕೊಂಡರೂ ಜಾಸ್ತಿಯೇ.

ಬೆಳಿಗ್ಗೆ ಮಂಜು ಬಿದ್ದಿತ್ತು. ನಾನು ಹಾಲು ಕರೆದು ಬರುವ ಹೊತ್ತಿಗೆ ಎಲ್ಲರೂ ಸೇರಿದ್ದರು. ಡ್ರೈವರು ಒಳಗೆ ಕೂತು ಸೆಲ್ಫ್ ಒತ್ತಿದ. ಕಾರು ಕೆಮ್ಮಿತು. ಮತ್ತೆ ಒತ್ತಿದ. ಮತ್ತೆ ಕೆಮ್ಮಿತು. ಮುಂದಿನಿಂದ ಕಬ್ಬಿಣದ ಹ್ಯಾಂಡಲ್ ಹಾಕಿ ಯಜಮಾನರು ತಿರುಗಿಸಿದರು. ಮೈಯೆಲ್ಲಾ ಬೆವರಿ ಅಂಗಿ ಬಿಚ್ಚಿ ಮರಕ್ಕೆ ನೇತುಹಾಕಿದರು. ಬಿಸಿಲು ಶೆಡ್ಡಿನ ತಗಡಿಗೆ ಬರುವ ಹೊತ್ತಿಗೆ ಅದು ಒಂದು ಸಲ ನಡುಗಿ ಎದ್ದಿತು. ನೀಲಿ ಹೊಗೆ ಬಿಟ್ಟಿತು ನೋಡಿ, ಹೊಂಗೆ ಮರದ ಕಾಗೆಗಳೆಲ್ಲಾ ಹಾರಿಹೋದವು.

"ದಿನಾ ಮನೇಲಿ ಹೆಂಗಪ್ಪಾ ಎಬ್ಬಿಸ್ತೀಯ?" ಎಂದು ಮೇಸ್ತ್ರಿ ಡ್ರೈವರನ್ನು ಕೇಳಿದರು.

ಡ್ರೈವರು ಗೌಡರ ಮುಖ ನೋಡಿದ. ಪಾಪದವನು, ಸುಳ್ಳು ಬರುತ್ತಿರಲಿಲ್ಲ. "ಮನೆ ಮುಂದೆ ಇಳಿಜಾರಲ್ವಾ ಮೇಸ್ತ್ರಿ. ಬ್ರೇಕ್ ಬಿಟ್ರೆ ಉರುಳ್ಕೊಂಡೇ ಎದ್ಬಿಡ್ತದೆ."

"ಹಿಂದಿನ ಸೀಟಲ್ಲಿ ಏನ್ ಸಾಗಿಸ್ತಿದ್ರಿ?"

"ದ್ರಾಕ್ಷಿ ಬುಟ್ಟಿ. ದಿನಾ, ಮಾರ್ಕೆಟ್‌ಗೆ."

ಮೇಸ್ತ್ರಿ ಗೌಡರನ್ನೂ ಯಜಮಾನರನ್ನೂ ಮರದ ಆ ಕಡೆಗೆ ಕರೆದುಕೊಂಡು ಹೋದರು. ನಾನೂ ಹೋದೆ. ಯಾರೂ ಕರೆಯಲಿಲ್ಲ.

"ಹಳೇದು ಗೌಡ್ರೇ. ಒಳಗೆಲ್ಲಾ ಸವೆದಿದೆ. ಆರು ವರ್ಷ ಲಾರಿ ಕೆಲ್ಸ ಮಾಡಿದೆ."

"ನಿನ್ನೆ ಅಲ್ಲ ಅಂದೆ."

"ನಿನ್ನೆ ನಂದು ತಪ್ಪು."

"ಆ ಎಂಗ್ಸು ಹೇಳ್ಕೊಟ್ಲು, ನೀನು ಕುಣಿದೆ."

ಆಗ ಮೇಸ್ತ್ರಿ ನನ್ನ ಕಡೆ ನೋಡಲೂ ಇಲ್ಲ. "ಆಯಮ್ಮ ಎತ್ತಿನ ವಿಷ್ಯ ಹೇಳಿದ್ರು. ಕಾರಿನ ವಿಷ್ಯ ಹೇಳ್ತಿರೋದು ನಾನು" ಅಂದರು.

ಗೌಡರು ಪಂಚೆ ಎತ್ತಿ ಕಟ್ಟಿದರು. "ಸರಿ. ನಾಳೆ ಮಧ್ಯಾಹ್ನದೊಳಗೆ ನಿನ್ ಶೆಡ್ಡು ನನ್ ಜಾಗದಾಗೆ ಇರಬಾರ್ದು" ಅಂದರು. ಅಷ್ಟೇ ಹೇಳಿದ್ದು. ಕೂಗಾಡಲಿಲ್ಲ. ಕಾರು ಹತ್ತಿ ಹೋದರು. ಎದ್ದ ಮೇಲೆ ಅದು ಚೆನ್ನಾಗಿಯೇ ಓಡಿತು.

ಹತ್ತು ವರ್ಷ ಕೂತು ಕಟ್ಟಿಕೊಂಡ ಗಿರಾಕಿ, ಜಾಗ, ನೆರಳು ಎಲ್ಲಾ ಆ ಒಂದು ಮಾತಿಗೆ ಹೋಯಿತು. 'ಹಳೇದಲ್ಲ' ಎಂದೇ ಇದ್ದುಬಿಟ್ಟಿದ್ದರೆ ಅವರನ್ನು ಕೇಳುವವರು ಯಾರಿದ್ದರು? ನಾನೇ ಇನ್ನೊಂದು ಸಲ ಕೇಳುತ್ತಿರಲಿಲ್ಲ, ಬಾಯಿ ಮುಚ್ಚಿಕೊಳ್ಳುತ್ತೇನೆ ಎಂದು ಒಪ್ಪಿದ್ದೆನಲ್ಲ.

ಆಮೇಲೆ ಅವರು ಗೊರಗುಂಟೆಪಾಳ್ಯದ ಹತ್ತಿರ, ತುಮಕೂರು ರಸ್ತೆಯ ಪಕ್ಕ ಶೆಡ್ಡು ಹಾಕಿದರು. ಮೊದಲೆರಡು ವರ್ಷ ಕಷ್ಟಪಟ್ಟರಂತೆ. ಆಮೇಲೆ ಲಾರಿಗಳು ಬಂದವು, ಕೈ ಹಿಡಿಯಿತು. ನಾನು ಅಲ್ಲಿಗೆ ಹೋದದ್ದು ಕಡಿಮೆ. ಯಜಮಾನರು ಯಶವಂತಪುರದಲ್ಲಿ ಬೇರೆಯವರ ಟ್ಯಾಕ್ಸಿ ಓಡಿಸುತ್ತಿದ್ದರು, ಅವರು ಹೋಗಿ ಬಂದು ಹೇಳುವರು, ಅದೂ ಮುಖ ಗಂಟು ಹಾಕಿಕೊಂಡು.

"ನಿನ್ ಮಾತೇ ಹೇಳ್ತಾ ಕೂತವ್ರೆ ಊರೆಲ್ಲಾ. ಯಾವ್ ಕಾರ್ ಬಂದ್ರೂ ಒಂದಿನ ಶೆಡ್ಡಲ್ಲಿ, ಸಮ ನೆಲದ ಮೇಲೆ ಮಲಗಿಸ್ಬೇಕಂತೆ. ಬೆಳಿಗ್ಗೆ ಏಳೋದ್ ನೋಡ್ಬೇಕಂತೆ. ಯಾರ್ ಕಲಿಸಿದ್ದು ಅಂದ್ರೆ, ಹೆಬ್ಬಾಳದಾಗೆ ಮಜ್ಜಿಗೆ ಕೊಡೋ ಅಮ್ಮ ಒಬ್ರು ಕಲಿಸಿದ್ರು ಅಂತಾರೆ."

ಒಬ್ಬ ಡಾಕ್ಟರು ಇಪ್ಪತ್ತು ವರ್ಷದ ಕಾರು ತಂದು, ಇದನ್ನು ಮಾರಿಬಿಡಲೇ ಎಂದು ಕೇಳಿದರಂತೆ. ಬೆಳಿಗ್ಗೆ ಅದು ಒಂದೇ ಒತ್ತಿಗೆ ಎದ್ದಿತಂತೆ. "ಡಾಕ್ಟ್ರೇ, ಇದು ಇನ್ನೂ ಹೊಸದು. ಇದಕ್ಕಿಂತ ಮುಂಚೆ ನೀವು ಹಳೇಬ್ರಾಗ್ತೀರ" ಅಂದರಂತೆ ಮೇಸ್ತ್ರಿ. ಡಾಕ್ಟರು ಸಿಟ್ಟಾಗದೆ ನಕ್ಕು ಕಾರು ವಾಪಸು ತೆಗೆದುಕೊಂಡು ಹೋದರಂತೆ. ಯಜಮಾನರು ಕೊನೆಗೆ ಸ್ವಂತ ಟ್ಯಾಕ್ಸಿ ಕೊಂಡಾಗಲೂ ಅದು ಮೇಸ್ತ್ರಿಯ ಶೆಡ್ಡಿನಲ್ಲಿ ಎರಡು ದಿನ ಮಲಗಿ ಎದ್ದ ಮೇಲೆಯೇ ನಮ್ಮ ಮನೆಗೆ ಬಂದದ್ದು. ಹದಿನಾಲ್ಕು ವರ್ಷ ದುಡಿಯಿತು.

ಬೈಗುಳ ಬಂದಾಗ ಮೇಸ್ತ್ರಿ, ಮಾತು ನನ್ನದು ಎಂದರು. ಹೊಗಳಿಕೆ ಬಂದಾಗ ಮಾತು ಆಯಮ್ಮನದು ಎಂದರು. ಸಾಮಾನ್ಯವಾಗಿ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಮೇಸ್ತ್ರಿ ತೀರಿಹೋದ ಸುದ್ದಿ ಬಂದಾಗ ನಾನು ಅಳಲಿಲ್ಲ. ಅಳುವಷ್ಟು ಬಳಕೆ ಇರಲಿಲ್ಲ. ಆದರೆ ಆ ದಿನ ಮಧ್ಯಾಹ್ನ ಮಜ್ಜಿಗೆ ಕಡೆದವಳು ಒಂದು ಚೊಂಬು ತೆಗೆದಿಟ್ಟಿದ್ದೆ. ಯಾರಿಗೆ ಎಂದು ಸೊಸೆ ಕೇಳಿದಳು. ಅಭ್ಯಾಸ ಅಂದೆ.

ಒಂದು ಸಂಗತಿ ಹೇಳುವುದು ಉಳಿದಿದೆ. ಗೌಡರು ಶೆಡ್ಡು ತೆಗೆ ಎಂದ ಆ ದಿನ ಯಜಮಾನರು ನನ್ನ ಜೊತೆ ಮಾತಾಡಲಿಲ್ಲ. ಮುದ್ದೆಯನ್ನೂ ಮುಖ ತಿರುಗಿಸಿಕೊಂಡೇ ಉಂಡರು. ಸಂಜೆ ರಸ್ತೆಗೆ ಹೋಗಿ ನೋಡಿದೆ. ಮೇಸ್ತ್ರಿ ಒಬ್ಬರೇ ತಗಡು ಬಿಚ್ಚುತ್ತಾ, ಮೊಳೆಗಳನ್ನು ಗೋಣಿತಾಟಿನ ಮೇಲೆ ಇಟ್ಟು ಎಣಿಸುತ್ತಿದ್ದರು. ಸಾಮಾನು ಸಾಗಿಸಲು ಯಾರ ಗಾಡಿಯೂ ಸಿಕ್ಕಿರಲಿಲ್ಲ. ಗೌಡರ ಮಾತು ಮೀರಿ ಗಾಡಿ ಕಟ್ಟುವವರು ನಮ್ಮ ಊರಿನಲ್ಲಿ ಇರಲಿಲ್ಲ.

ಮಾರನೆಯ ದಿನ ಬೆಳ್ಳಗಾಗುವ ಮುಂಚೆ ಎದ್ದು ಕೊಟ್ಟಿಗೆಗೆ ಹೋದೆ. ಎಡಗಡೆಯ ಎತ್ತು ನನ್ನ ಸದ್ದು ಕೇಳಿ ಒಂದೇ ಸಲಕ್ಕೆ ಎದ್ದು ನಿಂತಿತು. ಬಲಗಡೆಯದು ಹಿಂಗಾಲು ಎತ್ತಿತು, ಮುಂದೆ ಮೊಣಕಾಲ ಮೇಲೆ ನಿಂತು ಯೋಚನೆ ಮಾಡಿತು. ಒಂದು ವರ್ಷದಿಂದ ಹಾಗೇ ಮಾಡುತ್ತಿತ್ತು. ನನಗೆ ಗೊತ್ತಿತ್ತು. ಗೌಡರ ಕಡೆಯವರು ಮಧ್ಯಾಹ್ನ ಬಂದು ನಿಂತ ಎತ್ತು ನೋಡಿ ಹೋದರು. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಕೊಂಬಿಗೆ ಕೈ ಕೊಟ್ಟು ಎಬ್ಬಿಸಿದೆ, ನೊಗ ಇಟ್ಟೆ, ಗಾಡಿ ಹೊಡೆದುಕೊಂಡು ರಸ್ತೆಗೆ ಬಂದೆ. ಹೆಂಗಸು ಗಾಡಿ ಹೊಡೆಯುವುದನ್ನು ನೋಡಿ ಟೀ ಅಂಗಡಿಯವನು ಲೋಟ ತೊಳೆಯುವುದು ನಿಲ್ಲಿಸಿದ.

ಮೇಸ್ತ್ರಿ ಕೈಯಲ್ಲಿದ್ದ ತಗಡು ಕೆಳಗಿಟ್ಟರು. ಎತ್ತುಗಳ ಸುತ್ತ ಒಂದು ಸುತ್ತು ಬಂದರು. ಬಲಗಡೆಯದರ ಮುಂಗಾಲು ಮುಟ್ಟಿ ನೋಡಿದರು. ಆಮೇಲೆ ನನಗೆ ಕೈ ಸನ್ನೆ ಮಾಡಿ ಹೊಂಗೆ ಮರದ ಆ ಕಡೆಗೆ, ಎತ್ತು ಕಾಣದ ಕಡೆಗೆ ಕರೆದುಕೊಂಡು ಹೋದರು.

"ಬಲಗಡೇದು ಹಳೇದು ಕಣಮ್ಮಾ" ಅಂದರು, ಮೆತ್ತಗೆ.

"ಗೊತ್ತು" ಅಂದೆ.

ಇಬ್ಬರೂ ಸೇರಿ ತಗಡು, ಜಾಕು, ಟೈರು, ನಟ್ಟಿನ ಡಬ್ಬ ಎಲ್ಲಾ ಹೇರಿದೆವು. ಗಾಡಿಯ ಮೇಲೆ ನಾನು ಕೂರಲಿಲ್ಲ. ಬಲಗಡೆಯದರ ಪಕ್ಕದಲ್ಲಿ ಅದರ ಹೆಜ್ಜೆಗೆ ಹೆಜ್ಜೆ ಹಾಕಿಕೊಂಡು, ಮತ್ತಿಕೆರೆ ಮೇಲೆ ಹಾದು, ಯಶವಂತಪುರ ದಾಟಿ, ಗೊರಗುಂಟೆಪಾಳ್ಯದವರೆಗೂ ನಡೆದೆ.